ಮರಿಯಯ್ಯನ ಜಗಲಿಗೆ ಬಂದ ಇ-ಮೇಲು

"ಇನ್ಮೇಲೆ ಈ ಮನೇಲಿ ಒಂದೇ ಒಂದು ಕಾಗ್ದಾನೂ ದಿಕ್ಕು ತಪ್ಪಕೂಡ್ದು! ಬರ್ಕೊಳಿ ಬೇಕಾದ್ರೆ!"

ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಮದ್ದೂರಿನ ತನ್ನ ಮನೆಯಲ್ಲಿ, ಹೊಸ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿ ಶಿವರಾಜು ಹೀಗೆ ಘೋಷಿಸಿದ. ಕೇಳಿಸಿಕೊಳ್ಳಲು ಇದ್ದವರು ಇಬ್ಬರು. ಹೆಂಡತಿ ಮಂಗಳಮ್ಮ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ತಾಯಿ ಅಂಕಮ್ಮ ಎದುರಿಗೆ ಕೂತು, ಸೊಸೆ ಹಿದುಕಿದ ಬೇಳೆಯಲ್ಲಿ ಸಿಪ್ಪೆ ಹುಡುಕುತ್ತಿದ್ದಳು. ಇಬ್ಬರೂ ಬರೆದುಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಈಗ ಯಾವ ಕಾಗ್ದ ದಿಕ್ಕು ತಪ್ಪಿತ್ತು?" ಎಂದಳು ಮಂಗಳಮ್ಮ, ತಲೆ ಎತ್ತದೆ.

"ಅಂಗಲ್ಲ ಕಣೇ. ನಂದೊಂದು ಇ-ಮೇಲು, ನಿಂದೊಂದು, ನಮ್ಮ ಸಂಘದ್ದೊಂದು. ಒಂದು ಫೋನಲ್ಲಿ, ಒಂದು ಆಫೀಸಲ್ಲಿ, ಇನ್ನೊಂದು ಇನ್ನೆಲ್ಲೋ. ಮೂರು ಬಾಗ್ಲು, ಮೂರು ಬೀಗ! ಎಲ್ಲಾನೂ ಒಂದೇ ಕಡೆ ಬಂದು ಬೀಳೋ ಅಂಗೆ ಮಾಡ್ತೀನಿ ನೋಡ್ತಿರು."

"ನಂದು ನಂಗೆ ಬತ್ತಾ ಅದೆ. ಅದ್ನ ಮುಟ್ಬ್ಯಾಡಿ."

"ನಿಂಗೆ ತಿಳಿಯಾಕಿಲ್ಲ ಬುಡು!"

ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಶಿವರಾಜು ಈ ಮಾತನ್ನು ಎಷ್ಟು ಸಲ ಆಡಿದ್ದಾನೋ ಅಷ್ಟೂ ಸಲ ತಿಳಿಯದೆ ಹೋದದ್ದು ಅವನಿಗೇ. ಆದರೂ ಮನುಷ್ಯ ಅಭ್ಯಾಸ ಬಿಟ್ಟಿಲ್ಲ! ಕಬ್ಬು ಬೆಳೆಗಾರರ ಸಹಕಾರ ಸಂಘವೊಂದರಲ್ಲಿ ಅವನು ಹಿರಿಯ ಮೇಲ್ವಿಚಾರಕ. ಮೇಲ್ವಿಚಾರಣೆ ಮಾಡಲು ಅವನ ಕೈಕೆಳಗೆ ಇದ್ದವನು ತಮೀಮ್ ಒಬ್ಬನೇ. ಪ್ರಿಂಟರು ಕಚ್ಚಿಕೊಂಡರೆ ಬಿಡಿಸುವವನು, ಕಂಪ್ಯೂಟರು ಮುನಿಸಿಕೊಂಡರೆ ರಮಿಸುವವನು ಕೂಡ ಅದೇ ತಮೀಮ್. ಅವನ ಹೆಗಲ ಮೇಲಿಂದ ಇಣುಕಿ ಇಣುಕಿ ತನಗೂ ವಿದ್ಯೆ ಹತ್ತಿದೆಯೆಂದು ಶಿವರಾಜು ನಂಬಿದ್ದ. ಅಡಿಗೆಮನೆಯಲ್ಲಿ ಇಣುಕಿದವರೆಲ್ಲ ಮುದ್ದೆ ತಿರುವಲು ಬಲ್ಲವರಾಗಿದ್ದರೆ ನಮ್ಮ ಜಿಲ್ಲೆಯ ಗಂಡಸರೆಲ್ಲ ಇಷ್ಟು ಹೊತ್ತಿಗೆ ಭಟ್ಟರಾಗಿರಬೇಕಿತ್ತು.

ಇಲ್ಲಿ ಮಂಗಳಮ್ಮನ ಕಷ್ಟ ಸ್ವಲ್ಪ ಹೇಳಬೇಕು. ಅವಳು ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಗಣಿತದ ಟೀಚರು. ಸಂಸ್ಥೆಯ ಕಚೇರಿ ಮಂಡ್ಯದಲ್ಲಿ, ಶಾಲೆಗಳು ಜಿಲ್ಲೆಯಲ್ಲಿ ಅಲ್ಲೊಂದು ಇಲ್ಲೊಂದು. ಅವಳ ಪಾಲಿಗೆ ಬಿದ್ದಿದ್ದು ಶಿವನಸಮುದ್ರದ ಕಡೆಯದು. ಹನ್ನೊಂದು ವರ್ಷದಿಂದ ಆರೂಮುಕ್ಕಾಲಿನ ಬಸ್ಸಿಗೆ ಮಳವಳ್ಳಿ, ಅಲ್ಲಿ ಇಳಿದು ಇನ್ನೊಂದು ಬಸ್ಸು. ಸಂಜೆ ಅದೇ ಎರಡು ಬಸ್ಸು ತಿರುಗಾಮುರುಗಾ. ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಅವಳ ಮಂಡಿ ಎರಡೂ ಈಗ ಬಾಗಿಲ ತಿರುಗಣಿಯಂತೆ ಕಿರುಗುಟ್ಟುತ್ತಿದ್ದವು.

ದೇವರು ಕಣ್ಣು ಬಿಟ್ಟ ಹಾಗೆ, ಅದೇ ಸಂಸ್ಥೆಯ ಮದ್ದೂರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು ಚಿಕ್ಕಣ್ಣನವರು ಸಂಕ್ರಾಂತಿಗೆ ನಿವೃತ್ತರಾದರು. ಆ ಶಾಲೆ ಮನೆಯಿಂದ ನಡೆದರೆ ಎಂಟು ನಿಮಿಷ. ಹಿರಿತನದ ಪಟ್ಟಿಯಲ್ಲಿ ಮೊದಲ ಹೆಸರು ಮಂಗಳಮ್ಮನದು, ಎರಡನೆಯದು ಬೆಸಗರಹಳ್ಳಿಯ ಮುದ್ದಮ್ಮನದು. ಸಂಸ್ಥೆಯಿಂದ ಮೇಲ್ ಬರುತ್ತದೆ, ಬುಧವಾರ ಸಂಜೆ ಐದರೊಳಗೆ ಒಪ್ಪಿಗೆ ಕಳಿಸಬೇಕು, ಕಳಿಸದಿದ್ದರೆ ಹುದ್ದೆ ಮುದ್ದಮ್ಮನಿಗೆ ಹೋಗುತ್ತದೆ ಎಂದು ಮೊದಲೇ ತಿಳಿಸಿದ್ದರು. ಹೀಗಾಗಿ ಶನಿವಾರದಿಂದ ಮಂಗಳಮ್ಮ ಫೋನನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು.

ಅಂಥ ವೇಳೆಯಲ್ಲಿ ಶಿವರಾಜು ಲ್ಯಾಪ್‌ಟಾಪ್ ತೆರೆದ! ಮೂರೂ ಖಾತೆಗಳನ್ನು ಒಳಗೆ ಬಿಟ್ಟುಕೊಂಡ. ಹೆಂಡತಿಯ ಖಾತೆಯ ಪಾಸ್‌ವರ್ಡ್ ಅವನಿಗೆ ಗೊತ್ತಿರದೆ ಏನು? ಅದನ್ನು ತೆರೆದುಕೊಟ್ಟವನೇ ಅವನು, ಪಾಸ್‌ವರ್ಡಿಗೆ ಇಟ್ಟಿದ್ದು ತನ್ನದೇ ಹೆಸರು. ಮೇಲ್ ನೋಡುವ ತಂತ್ರಾಂಶ ಒಂದೊಂದಾಗಿ ಪ್ರಶ್ನೆ ಕೇಳತೊಡಗಿತು. ಎಲ್ಲದಕ್ಕೂ ಒಂದು ಡಿಫಾಲ್ಟ್ ಆರಿಸಬೇಕಂತೆ. ಡಿಫಾಲ್ಟ್ ಎಂದರೆ ನಾವು ಬಾಯಿ ಬಿಟ್ಟು ಹೇಳದಿದ್ದರೂ ತಾನಾಗಿ ಆಗಿಬಿಡುವುದು. ಬೆಳಿಗ್ಗೆ ಎದ್ದು ಕೂತರೆ ಕೇಳದೆಯೇ ಕೈಗೆ ಕಾಫಿ ಬರುತ್ತದಲ್ಲ, ಹಾಗೆ. ಶಿವರಾಜುವಿಗೆ ಈ ತತ್ವ ತಕ್ಷಣ ಅರ್ಥವಾಯಿತು.

"ಹೊಸ ಮೇಲ್‌ಗಳು ಎಲ್ಲಿಗೆ ತಲುಪಬೇಕು?" ಇದು ಮೊದಲ ಪ್ರಶ್ನೆ.

ಶಿವರಾಜುವಿನ ಕಣ್ಣ ಮುಂದೆ ಅವನ ತಾತ ಮರಿಯಯ್ಯನವರ ಜಗಲಿ ಬಂದು ನಿಂತಿತು. ಕಿರುಗಾವಲಿನ ಪಕ್ಕದ ಅವರ ಹಳ್ಳಿಗೆ ಪೋಸ್ಟ್‌ಮ್ಯಾನು ವಾರಕ್ಕೆರಡು ಸಲ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಮನೆಮನೆಗೆ ಹೋಗುವ ಪದ್ಧತಿ ಇರಲಿಲ್ಲ. ಊರಿನ ಟಪಾಲನ್ನೆಲ್ಲ ಮರಿಯಯ್ಯನ ಜಗಲಿಯ ಮೇಲೆ ಸುರಿದು, ಒಂದು ಚೊಂಬು ಮಜ್ಜಿಗೆ ಕುಡಿದು ಹಿಂದಿರುಗುತ್ತಿದ್ದ. ಆಮೇಲೆ ಮರಿಯಯ್ಯನವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಯಾರ ಕಾಗದವೇ ಆಗಲಿ ಒಡೆದು ಮೂರು ಬೀದಿಗೆ ಕೇಳುವಂತೆ ಓದುತ್ತಿದ್ದರು. ಉತ್ತರವನ್ನೂ ಅವರೇ ಬರೆಯುತ್ತಿದ್ದರು. ಏನು ಬರೆಯಲಿ ಎಂದು ಕಾಗದದವರನ್ನು ಕೇಳುವ ದುರಭ್ಯಾಸ ಅವರಿಗೆ ಇರಲಿಲ್ಲ. ಊರು ಎರಡು ತಲೆಮಾರು ಹೀಗೇ ನಡೆಯಿತು ಎಂಬುದು ಶಿವರಾಜುವಿನ ವಂಶದ ಹೆಮ್ಮೆ. ಮದುವೆ ಮನೆಗಳಲ್ಲಿ ಅವನು ಇದನ್ನು ಹೇಳದೆ ಎಲೆಯ ಮುಂದೆ ಕೂತವನಲ್ಲ.

ಇನ್ನು ಯೋಚನೆ ಏತಕ್ಕೆ? ಹೊಸದೊಂದು ಪೆಟ್ಟಿಗೆ ತೆರೆದು ಅದಕ್ಕೆ 'ಜಗಲಿ' ಎಂದು ಎಲ್ಲರಿಗೂ ಕೇಳುವಂತೆ ಹೆಸರಿಟ್ಟ. ಮೂರೂ ಖಾತೆಯ ಮೇಲ್‌ಗಳು ಅಲ್ಲಿಗೇ ಬರಲಿ ಎಂದು ಅಪ್ಪಣೆ ಕೊಟ್ಟ.

"ತಲುಪಿದ ಮೇಲೆ ಮೂಲದಲ್ಲಿ ಒಂದು ಪ್ರತಿ ಉಳಿಸಬೇಕೆ?" ಬಟವಾಡೆಯಾದ ಕಾಗದ ಮತ್ತೆ ಪೋಸ್ಟಾಫೀಸಿನಲ್ಲೂ ಇರುತ್ತದೆಯೇ! ಬೇಡ.

"ನೀವು ಓದಿದ್ದನ್ನು ಕಳಿಸಿದವರಿಗೆ ತಿಳಿಸಬೇಕೆ?" ತಿಳಿಸದಿದ್ದರೆ ಮರ್ಯಾದೆಯೇ? ಯಾವಾಗಲೂ ತಿಳಿಸು.

"ನೀವು ಬರೆಯುವ ಮೇಲ್ ಯಾವ ಖಾತೆಯಿಂದ ಹೋಗಬೇಕು?" ಇಲ್ಲಿ ಶಿವರಾಜು ಒಂದು ಗಳಿಗೆ ತಡೆದ. ತನ್ನದು ಬರೀ ಹೆಸರು. ಹೆಂಡತಿಯದೂ ಬರೀ ಹೆಸರು. ಸಂಘದ ಖಾತೆಗಾದರೋ ಮುದ್ರೆಯಿದೆ, ಹುದ್ದೆಯಿದೆ, ಕೆಳಗೆ ತಾನೇ ಕಟ್ಟಿದ ಘೋಷಣೆಯಿದೆ. ತೂಕ ಇರುವುದೇ ಇರಲಿ ಎಂದು ಸಂಘದ್ದನ್ನೇ ಒತ್ತಿದ.

ಹೀಗೆ ನಾಲ್ಕು ಪ್ರಶ್ನೆಗೆ ನಾಲ್ಕು ಉತ್ತರ. ಪರೀಕ್ಷೆಯಾಗಿದ್ದರೆ ನಾಲ್ಕಕ್ಕೂ ಸೊನ್ನೆ ಬೀಳುತ್ತಿತ್ತು. ಆದರೆ ಯಂತ್ರಕ್ಕೆ ನಮ್ಮ ಮೇಷ್ಟ್ರುಗಳ ದಿಟ್ಟತನ ಎಲ್ಲಿಂದ ಬರಬೇಕು? ಅದು ತೆಪ್ಪಗೆ ಒಪ್ಪಿಕೊಂಡಿತು.

ಒಪ್ಪಿಕೊಂಡದ್ದೇ ತಡ, ಜಗಲಿಗೆ ಮೇಲ್‌ಗಳು ಬಂದು ಬಿದ್ದವು ನೋಡಿ! ಸೀರೆ ರಿಯಾಯಿತಿ, ಸಂಘದ ಸುತ್ತೋಲೆ, ಬೋಳುತಲೆಗೆ ಎಣ್ಣೆ, ಹಳೇ ವಿದ್ಯಾರ್ಥಿಗಳ ಶುಭಾಶಯ. ಒಂದೊಂದನ್ನೂ ತೆರೆದು, ಓದದೆಯೇ ಮುಚ್ಚುತ್ತಾ ಹೋದ. ಅವುಗಳ ನಡುವೆ, ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಶಿವರಾಜುವಿನ ಕಣ್ಣಿಗೆ ಅದು ಬಿತ್ತು: 'ಶ್ರೀಮತಿ ಮಂಗಳಮ್ಮ ಅವರಿಗೆ, ಮದ್ದೂರು ಶಾಲೆಗೆ ವರ್ಗಾವಣೆ, ಒಪ್ಪಿಗೆ ಕೋರಿ.' ತೆರೆದ. ಮೊದಲ ಎರಡು ಸಾಲು ಓದುವಷ್ಟರಲ್ಲಿ ಎದೆ ಉಬ್ಬಿ ಬಂತು. ಕೆಳಗೆ ಇನ್ನೂ ಏಳೆಂಟು ನಿಬಂಧನೆಗಳಿದ್ದವು. ನಿಬಂಧನೆಗಳನ್ನು ಓದುವವರು ಅಳ್ಳೆದೆಯವರು!

ಮಂಗಳಮ್ಮ ನಾಲ್ಕು ಹೆಜ್ಜೆ ದೂರದಲ್ಲಿ ಕೂತಿದ್ದಳು. "ಲೇ, ಬಂತು ಕಣೇ" ಎಂದು ಒಂದು ಮಾತು ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಶಿವರಾಜುವಿನ ಮೈಮೇಲೆ ಅಷ್ಟರಲ್ಲಿ ಮರಿಯಯ್ಯ ಬಂದಿದ್ದರು. ಆದೇಶ ಕೈಗೆ ಬಂದ ದಿನ ಹೆಂಡತಿಯ ಮುಂದೆ ಹಿಡಿದು, "ತಗೋ, ನಿನ್ನ ಗಂಡ ಮಾಡಿಸ್ದ" ಎಂದು ಮೀಸೆ ತಿರುವಬೇಕೆಂದು ಅವನಿಗೆ ಆಸೆಯಾಯಿತು. ಹನ್ನೊಂದು ವರ್ಷ ಅವಳು ಬಸ್ಸು ಹತ್ತುವಾಗ ತಾನು ಹೊದಿಕೆಯೊಳಗೆ ಇದ್ದವನು. ಒಂದು ದಿನವಾದರೂ ಉಪಕಾರಿ ಅನ್ನಿಸಿಕೊಳ್ಳಬೇಡವೇ? ಹೊಸ ಮೇಲ್ ತೆರೆದು ಬೆರಳು ನೆಟಿಕೆ ಮುರಿದ.

'ಪೂಜ್ಯರೇ, ತಮ್ಮ ಪತ್ರ ತಲುಪಿ ಪರಮಾನಂದವಾಯಿತು. ಮದ್ದೂರಿನ ಮಕ್ಕಳಿಗೆ ಗಣಿತ ಬೋಧಿಸಲು ನಾನು ಟೊಂಕ ಕಟ್ಟಿ ನಿಂತಿದ್ದೇನೆ. ಹನ್ನೊಂದು ವರ್ಷ ನಾಲ್ಕು ಬಸ್ಸು ಹತ್ತಿ ಇಳಿದು ನನ್ನ ಮಂಡಿಗಳು ಸವೆದುಹೋಗಿವೆ. ನನ್ನ ಪತಿದೇವರು ಸಾಕ್ಷಾತ್ ಸದ್ಗುಣಿಗಳು. ನಾನು ಪ್ರತಿದಿನ ಮುಂಜಾನೆ ಹೊರಡುವಾಗ ಅವರು ಮೌನವಾಗಿ ಕಣ್ಣೀರಿಡುತ್ತಾರೆ. ಅವರ ಕಣ್ಣೀರನ್ನು ಒರೆಸುವ ಸಲುವಾಗಿಯಾದರೂ ನನ್ನನ್ನು ಮದ್ದೂರಿಗೆ ಹಾಕಬೇಕಾಗಿ ಪ್ರಾರ್ಥನೆ.'

ಕಳಿಸಿಯೇಬಿಟ್ಟ! ಅದರ ಬಾಲಕ್ಕೆ ಏನು ಅಂಟಿಕೊಂಡು ಹೋಯಿತು ಎಂದು ನೋಡಲಿಲ್ಲ.

ಅಂದು ಮಧ್ಯಾಹ್ನ ಹಿದುಕಿದ ಅವರೆಬೇಳೆ ಸಾರಿನ ಮುಂದೆ ಮಂಗಳಮ್ಮ ಕೇಳಿದಳು. "ಬೆಳಿಗ್ಗೆಯಿಂದ ನನ್ನ ಫೋನಿಗೆ ಒಂದು ಮೇಲೂ ಬಂದಿಲ್ಲ. ನಿಮ್ಮ ಜಗಲಿಗೆ ಏನಾರ ಬಂತಾ?"

"ಏನೂ ಇಲ್ವಲ್ಲಾ!" ಎಂದ ಶಿವರಾಜು, ಒಳಗೊಳಗೇ ನಗುತ್ತಾ. ಮುದ್ದೆಯೂ ಇನ್ನೊಂದು ಹೆಚ್ಚಿಗೆ ಇಳಿಯಿತು.

ಸೋಮವಾರ ಸಂಜೆ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಸಂಸ್ಥೆಯಿಂದ ಏನಾರ ಬಂತೇನ್ರೀ?"

"ಬಂದ್ರೆ ಯೋಳಾಕಿಲ್ವಾ? ನೆಟ್‌ವರ್ಕ್ ಸರಿ ಇಲ್ಲ ಕಣೆ."

ಮಂಗಳವಾರ ಬೆಳಿಗ್ಗೆ, ಬಸ್ಸಿಗೆ ಹೊತ್ತಾಗುತ್ತಿದ್ದರೂ, ಅವಳು ಕಾಫಿ ಲೋಟ ಹಿಡಿದುಕೊಂಡು ಎದುರಿಗೆ ನಿಂತಳು. ಲೋಟವನ್ನು ತಕ್ಷಣ ಕೊಡಲಿಲ್ಲ.

"ನಿಜವಾಗ್ಲೂ ಏನೂ ಬಂದಿಲ್ವಾ?"

"ಇಲ್ಲ ಅಂದ್ನಲ್ಲಾ!"

"ಸರಿ" ಎಂದು ಲೋಟ ಕೊಟ್ಟು ಹೊರಟುಹೋದಳು. ಕಾಫಿಗೆ ಸಕ್ಕರೆ ಇರಲಿಲ್ಲ. ಮರೆತಿರಬೇಕು ಎಂದುಕೊಂಡು ಶಿವರಾಜು ಕುಡಿದ. ಗಣಿತದ ಟೀಚರು ಲೆಕ್ಕ ತಪ್ಪುವುದಿಲ್ಲ ಎಂಬ ಬುದ್ಧಿ ಅವನಿಗೆ ಆ ಹೊತ್ತಿಗೆ ಬರಲಿಲ್ಲ.

ಬುಧವಾರ ಸಂಘದ ಬಾಗಿಲಲ್ಲಿ ಜನ ಜಮಾಯಿಸಿದ್ದರು. ಕಬ್ಬು ಕಡಿಯುವ ಕಾಲ, ಯಾರ ಗದ್ದೆಗೆ ಯಾವತ್ತು ಆಳು ಬರುತ್ತಾರೆ ಎಂಬ ಕಟಾವು ಪಟ್ಟಿ ಕಾರ್ಖಾನೆಯಿಂದ ಇ-ಮೇಲಿನಲ್ಲಿ ಬರಬೇಕು. ಸಂಘದ ಅಧ್ಯಕ್ಷ ದೇವರಾಜು ಹೆಗಲ ಟವೆಲು ಕೊಡವುತ್ತಾ ನಿಂತಿದ್ದ.

"ಲೇ ಶಿವರಾಜು! ಮೂರ್ ದಿನ ಆಯ್ತು ಕಣ್ಲಾ, ಪಟ್ಟಿ ಬಂದಿಲ್ಲ! ಕಬ್ಬು ಗದ್ದೇಲೇ ಒಣಗ್ತಾ ಅದೆ!"

"ಕಾರ್ಖಾನೆಯವ್ರಿಗೆ ಜವಾಬ್ದಾರಿ ಅನ್ನೋದೇ ಇಲ್ಲ ಬುಡಿ ಅಧ್ಯಕ್ಷರೇ" ಎಂದು ಶಿವರಾಜು ಗಂಭೀರವಾಗಿ ತಲೆಯಾಡಿಸಿದ.

"ಅವ್ರಿಗೆ ಫೋನ್ ಮಾಡಿದ್ದೆ. ಭಾನುವಾರನೇ ಕಳಿಸಿವಿ, ಓದಿದ್ದೀವಿ ಅಂತ ನಿಮ್ಮ ಕಡೆಯಿಂದ ಉತ್ತರಾನೂ ಬಂದದೆ ಅಂತಾರೆ! ಯಾರ್ಲಾ ಓದ್ದೋನು?"

ಶಿವರಾಜು ಲ್ಯಾಪ್‌ಟಾಪಿನ ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ. ಅಷ್ಟರಲ್ಲಿ ಒಳಗಿನಿಂದ ತಮೀಮ್ ಕೂಗಿದ. "ಸಾರ್, ಇಲ್ಲಿ ಬಂದಿರೋ ಮೇಲ್ ಒಂದೂ ಇಲ್ಲ, ಎಲ್ಲಾ ಖಾಲಿ! ಕಳಿಸಿರೋದ್ರಲ್ಲಿ ಮಾತ್ರ ಭಾನುವಾರದ್ದೊಂದು ಅದೆ. ಸಾರ್... ನೀವು ಮೇಷ್ಟ್ರಾಗ್ತಾ ಇದ್ದೀರಾ?"

"ಏನಂತೆ ಓದ್ಲಾ!" ಎಂದ ದೇವರಾಜು.

ಓದಲೋ ಬೇಡವೋ ಎಂದು ತಮೀಮ್ ಶಿವರಾಜುವಿನ ಮುಖ ನೋಡಿದ. ಆದರೆ ಅಧ್ಯಕ್ಷರ ಅಪ್ಪಣೆ. ಓದಿದ. 'ಟೊಂಕ ಕಟ್ಟಿ ನಿಂತಿದ್ದೇನೆ' ಎಂಬಲ್ಲಿ ರೈತರು ಶಿವರಾಜುವಿನ ಸೊಂಟ ನೋಡಿದರು. 'ನನ್ನ ಪತಿದೇವರು' ಎಂಬಲ್ಲಿ ಯಾರೋ ಶಿಳ್ಳೆ ಹೊಡೆದರು. ಕೊನೆಗೆ ಬಂತು ಬಾಲ: 'ಇಂತಿ ತಮ್ಮ ವಿಶ್ವಾಸಿ, ಎಂ. ಶಿವರಾಜು, ಹಿರಿಯ ಮೇಲ್ವಿಚಾರಕರು, ಕಬ್ಬು ಬೆಳೆಗಾರರ ಸಹಕಾರ ಸಂಘ, ಮದ್ದೂರು. ಕಬ್ಬು ಬೆಳೆಯಿರಿ, ಬಾಳು ಸಿಹಿಯಾಗಿಸಿರಿ!'

"ನಿಂಗೂ ಒಬ್ಬ ಪತಿದೇವರು ಅವ್ನಾ? ಒಂದು ಮಾತಾದ್ರೂ ಯೋಳ್ಬಾರ್ದಾಗಿತ್ತಾ!" ಎಂದ ದೇವರಾಜು.

ಸಂಘದ ಹೆಂಚು ಹಾರುವ ಹಾಗೆ ನಗು. ಶಿವರಾಜುವಿಗೆ ಮಾತ್ರ ಕಿವಿಯೆಲ್ಲ ಬಿಸಿಯಾಯಿತು. ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಜಗಲಿಯಲ್ಲಿ ಕಟಾವು ಪಟ್ಟಿ ಒಂದಲ್ಲ ಮೂರು ಇದ್ದವು. ತಮೀಮ್ ಅವನ್ನು ಅಚ್ಚು ಹಾಕುತ್ತಾ, ಶಿವರಾಜು ಮಾಡಿಟ್ಟ ನಾಲ್ಕು ಡಿಫಾಲ್ಟುಗಳನ್ನು ನೋಡುತ್ತಾ, "ಏನ್ ಸಾರ್ ಇದು, ಎಲ್ರ ಮೇಲನ್ನೂ ಮೂಲದಿಂದ್ಲೇ ಅಳಿಸಿ ನಿಮ್ಮ ಮನೇಲಿ ತುಂಬ್ಕೊಂಡಿದ್ದೀರಲ್ಲ!" ಎಂದು ಮೆಲ್ಲಗೆ ಹೇಳಿದ. ಬೈದಿದ್ದರೆ ವಾಸಿಯಿತ್ತು.

ಶಿವರಾಜು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಸಂಸ್ಥೆಯ ಮೇಲನ್ನು ಮತ್ತೆ ತೆರೆದು, ಅಳ್ಳೆದೆಯವರು ಮಾತ್ರ ಓದುವ ನಿಬಂಧನೆಗಳನ್ನು ಓದುತ್ತಿದ್ದ. ಏಳನೆಯದರಲ್ಲಿ ಕಣ್ಣು ನಾಟಿತು. 'ಸಂಘ, ಸಂಸ್ಥೆ, ಅಧಿಕಾರಿಗಳ ಮೂಲಕ ಶಿಫಾರಸು ಅಥವಾ ಪ್ರಭಾವ ತಂದ ಶಿಕ್ಷಕರ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗುವುದು.'

ಸಂಘದ ಮುದ್ರೆ, ಹಿರಿಯ ಮೇಲ್ವಿಚಾರಕರ ಸಹಿ, ಸಾಲದ್ದಕ್ಕೆ ಕಬ್ಬಿನ ಘೋಷಣೆ. ಇದಕ್ಕಿಂತ ದೊಡ್ಡ ಶಿಫಾರಸು ಬೇಕೆ! ಮಂಗಳಮ್ಮನ ಒಪ್ಪಿಗೆ ಹೋಗಿಲ್ಲ, ಹೋದದ್ದು ಅವಳ ಹೆಸರನ್ನು ಅಳಿಸುವ ಕಾಗದ. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಹನ್ನೊಂದು ವರ್ಷದ ಬಸ್ಸು, ಕಿರುಗುಟ್ಟುವ ಮಂಡಿ, ಸೊಂಟಕ್ಕೆ ಸಿಕ್ಕಿಸಿದ ಫೋನು, ಎಲ್ಲ ಒಟ್ಟಿಗೆ ನೆನಪಾಗಿ ಶಿವರಾಜುವಿಗೆ ಅಳು ಬಂದಂತಾಯಿತು. ಚೀಲ ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ.

ಮಂಡ್ಯದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತ ಅವನಿಗೆ ಗೆಜ್ಜಲಗೆರೆ ದಾಟುವುದರೊಳಗೆ ಎರಡೂ ಮಂಡಿ ನೋಯತೊಡಗಿದವು. ಅದು 'ನಾಲ್ಕು ಬಸ್ಸು' ಎಂದು ತಾನು ಸಲೀಸಾಗಿ ಟೈಪು ಮಾಡಿದ್ದರಲ್ಲಿ ಅರ್ಧ ಬಸ್ಸೂ ಆಗಿರಲಿಲ್ಲ.

ಸಂಸ್ಥೆಯ ಕಾರ್ಯದರ್ಶಿ ಫಕ್ರುನ್ನೀಸಾ ಮೇಡಂ ನಿವೃತ್ತ ಮುಖ್ಯೋಪಾಧ್ಯಾಯಿನಿ. ಅವರ ಮೇಜಿನ ಮುಂದೆ ನಿಂತ ಯಾರಿಗೇ ಆಗಲಿ ಹೋಂವರ್ಕ್ ಮಾಡಿಲ್ಲವೆಂಬ ಭಯ ತಾನಾಗಿ ಹುಟ್ಟುತ್ತದೆ. ನಾಲ್ಕೂಮುಕ್ಕಾಲಿಗೆ ಶಿವರಾಜು ಏದುಸಿರು ಬಿಡುತ್ತಾ ಅಲ್ಲಿ ನಿಂತು, ಅಂಗಿಯ ಬೆವರನ್ನೂ ಒರೆಸಿಕೊಳ್ಳದೆ, ಜಗಲಿಯಿಂದ ಕಣ್ಣೀರಿನವರೆಗೆ ಎಲ್ಲವನ್ನೂ ಒಪ್ಪಿಸಿದ.

"ತಪ್ಪೆಲ್ಲ ನಂದು ಮೇಡಂ! ನನ್ನ ಹೆಂಡ್ತಿಗೆ ಏನೂ ಗೊತ್ತಿಲ್ಲ. ಅವಳ ಹೆಸರು ಕೈಬಿಡಬೇಡಿ. ಇನ್ನೊಂದು ಬೇಡಿಕೆ... ಇದು ದಯವಿಟ್ಟು ಅವಳಿಗೆ ಗೊತ್ತಾಗಬಾರ್ದು."

ಫಕ್ರುನ್ನೀಸಾ ಮೇಡಂ ಅವನ ಭುಜದಾಚೆ ಒಮ್ಮೆ ನೋಡಿ, ಕನ್ನಡಕ ಸರಿಮಾಡಿಕೊಂಡರು. "ಶಿವರಾಜು ಅವರೇ, ನಮಗೆ ಅಂಥ ಮೇಲ್ ಯಾವುದೂ ಬಂದೇ ಇಲ್ಲವಲ್ಲ."

ಲೋಕದಲ್ಲಿ ಬೇರೆ ಯಾರೇ ಆಗಿದ್ದರೂ ಇಲ್ಲಿಗೆ ಕೈಮುಗಿದು ಮೆಟ್ಟಿಲಿಳಿಯುತ್ತಿದ್ದರು. ಆದರೆ ಕಳಿಸಿದ್ದು ತಲುಪಿಲ್ಲ ಎಂದರೆ ಅದು ಅವನ ಸೆಟ್ಟಿಂಗಿಗೆ ಅವಮಾನ!

"ಬಂದೇ ಇರ್ತದೆ ಮೇಡಂ! ಸರಿಯಾಗಿ ಹುಡುಕಿಸಿ!"

ಗುಮಾಸ್ತೆ ಗಗನ ಹುಡುಕಿದಳು. ಸ್ಪ್ಯಾಮ್ ಎಂಬ ಕಸದ ಪೆಟ್ಟಿಗೆಯಲ್ಲಿ, ಲಾಟರಿ ಬಹುಮಾನಕ್ಕೂ ಕೂದಲು ಬೆಳೆಸುವ ಎಣ್ಣೆಗೂ ನಡುವೆ ಸಿಕ್ಕಿತು. "ಓದಲಾ ಮೇಡಂ?" ಎಂದಳು. "ಓದು, ತಪ್ಪೊಪ್ಪಿಗೆಗೆ ಆಧಾರ ಬೇಕಲ್ಲ" ಎಂದರು ಮೇಡಂ. ಗಗನಳಿಗೆ ಒಳ್ಳೆಯ ಕಂಠವಿತ್ತು. ಮರಿಯಯ್ಯನವರ ಕಾಗದಗಳ ನಂತರ ಯಾವ ಕಾಗದವೂ ಅಷ್ಟು ಸ್ಪಷ್ಟವಾಗಿ, ಅಷ್ಟು ಜನರೆದುರು ಓದಿಸಿಕೊಂಡಿರಲಾರದು. 'ಪ್ರತಿದಿನ ಮುಂಜಾನೆ ಹೊರಡುವಾಗ ಅವರು ಮೌನವಾಗಿ ಕಣ್ಣೀರಿಡುತ್ತಾರೆ' ಎಂಬಲ್ಲಿಗೆ ಬಂದಾಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ಮೌನವಾಗಿ ಎಲ್ಲಿ ಬಂತು? ಗೊರಕೆ ಬಸ್‌ಸ್ಟಾಪ್‌ವರೆಗೂ ಕೇಳಿಸ್ತದೆ."

ಶಿವರಾಜು ತಿರುಗಿ ನೋಡಿದ. ಗೋಡೆಗೆ ಹಾಕಿದ ಬೆಂಚಿನ ಮೇಲೆ, ಮಡಿಲಲ್ಲಿ ದಾಖಲೆಗಳ ಫೈಲು ಇಟ್ಟುಕೊಂಡು, ಮಂಗಳಮ್ಮ ಕೂತಿದ್ದಳು. ಅವನು ಬಂದಾಗಿನಿಂದ ಅಲ್ಲೇ ಕೂತಿದ್ದಳು. ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಟ್ಟಿದ್ದರೆ ಶಿವರಾಜು ಚಪ್ಪಲಿ ಬಿಚ್ಚಿಟ್ಟು ಇಳಿದುಬಿಡುತ್ತಿದ್ದ.

"ತಲುಪದ ಕಾಗದ ಶಿಫಾರಸು ಆಗೋದಿಲ್ಲ" ಎಂದರು ಫಕ್ರುನ್ನೀಸಾ ಮೇಡಂ, ನಗು ತಡೆದುಕೊಂಡು. "ಕಸಕ್ಕೆ ಬಿದ್ದದ್ದು ಕಸವೇ. ಅವರ ಒಪ್ಪಿಗೆ ಸೋಮವಾರವೇ ಬಂದಿದೆ, ಒಂದೇ ಸಾಲು. ಪತಿದೇವರ ವಿಷಯ ಅದರಲ್ಲಿ ಇರಲಿಲ್ಲ. ಮಂಗಳಮ್ಮ, ಆದೇಶ ತಗೊಳ್ಳಿ. ಸೋಮವಾರದಿಂದ ಮದ್ದೂರು."

ಹಿಂದಿರುಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮಂಡ್ಯ ದಾಟಿದ ಮೇಲೆ ಶಿವರಾಜು ಕಿಟಕಿಯ ಕಡೆ ನೋಡುತ್ತಲೇ ಕೇಳಿದ. "ನಿಂಗೆ ಯಂಗೆ ಗೊತ್ತಾಯ್ತು?"

"ಮುಖ್ಯವಾದ ಕಡೆಗೆಲ್ಲ ನಾನು ಶಾಲೆಯ ಇ-ಮೇಲನ್ನೂ ಕೊಟ್ಟಿರ್ತೀನಿ. ಸೋಮವಾರ ಅಲ್ಲಿ ನೋಡ್ದೆ. ಮನೇದಕ್ಕೆ ಯಾಕೆ ಬಂದಿಲ್ಲ ಅಂತ ಗಗನಂಗೆ ಫೋನ್ ಮಾಡ್ದೆ. 'ನೀವು ಭಾನುವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಓದಿದ್ದೀರ ಅಂತ ನಮಗೆ ಬಂದದೆ ಮೇಡಂ' ಅಂದ್ಲು. ಒಂಬತ್ತು ಹತ್ತಕ್ಕೆ ನಾನು ಕಾಳು ಹಿದುಕ್ತಾ ಕೂತಿದ್ದೆ. ಇನ್ಯಾರು ಓದಿರ್ತಾರೆ, ಅತ್ತೆನಾ?"

"ಮತ್ತೆ... ನನ್ನ ಕೇಳ್ಬೋದಾಗಿತ್ತಲ್ಲ?"

"ಕೇಳ್ದೆ. ಮೂರು ಸಲ."

ಸಂಘದಲ್ಲಿ ನಕ್ಕರು, ಸಂಸ್ಥೆಯಲ್ಲಿ ನಕ್ಕರು, ಅದನ್ನೆಲ್ಲ ಹೇಗಾದರೂ ಅರಗಿಸಿಕೊಳ್ಳಬಹುದಿತ್ತು. ಈ ಮೂರು ಸಲವನ್ನು ಮಾತ್ರ ಶಿವರಾಜುವಿಗೆ ಅರಗಿಸಿಕೊಳ್ಳಲಾಗಲಿಲ್ಲ. ಕಾಫಿ ಲೋಟ ಹಿಡಿದು ಅವಳು ಎದುರಿಗೆ ನಿಂತದ್ದು ಇ-ಮೇಲಿನ ಸುದ್ದಿಗಾಗಿ ಅಲ್ಲ, ಅದು ಅವಳಿಗೆ ಆಗಲೇ ಗೊತ್ತಿತ್ತು. ಗಂಡ ನಿಜ ಹೇಳುತ್ತಾನೋ ಎಂದು ನಿಂತಿದ್ದಳು. ತಾನು ಅವಳ ಕಣ್ಣಲ್ಲಿ ಕಣ್ಣಿಟ್ಟು "ಇಲ್ಲ ಅಂದ್ನಲ್ಲಾ" ಎಂದಿದ್ದ. ನಾಚಿಕೆಯಿಂದ ಅವನಿಗೆ ಪಕ್ಕದಲ್ಲಿ ಕೂತವಳ ಕಡೆ ತಿರುಗುವುದೂ ಕಷ್ಟವಾಯಿತು.

"ತಪ್ಪಾಯ್ತು ಕಣೇ" ಎಂದ, ಮದ್ದೂರು ಬರುವ ಹೊತ್ತಿಗೆ. "ನಿನ್ನ ಪಾಸ್‌ವರ್ಡ್ ಬದಲಾಯಿಸ್ಕೊ."

"ಸೋಮವಾರಾನೇ ಬದಲಾಯಿಸ್ದೆ" ಎಂದಳು ಮಂಗಳಮ್ಮ.

ಮನೆಗೆ ಬಂದವನೇ ಶಿವರಾಜು ಅಂಕಮ್ಮನ ಪಕ್ಕ ಕುಸಿದು ಕೂತ. ಹೆಂಡತಿಯ ಮುಂದೆ ಅಳಲಾಗದ್ದನ್ನು ತಾಯಿಯ ಮುಂದೆ ಅತ್ತ. "ತಾತನ ಹೆಸರು ಕೆಡಿಸ್ಬುಟ್ಟೆ ಕಣವ್ವಾ. ಇಡೀ ಊರಿನ ಟಪಾಲು ಒಂದೇ ಜಗಲಿಗೆ ಬಂದು, ಒಂದು ದಿನಾನೂ ಎಡವಟ್ಟಾಗಲಿಲ್ಲ. ನಂಗೆ ಮೂರು ಖಾತೆ ನಿಭಾಯಿಸಾಕೆ ಆಗಲಿಲ್ಲ."

ಅಂಕಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಇಡೀ ಊರಿಂದಾ? ಯಾರ್ಲಾ ಯೋಳಿದ್ದು ನಿಂಗೆ?"

"ತಾತನೇ ಯೋಳೋರು."

"ಅವರ್ಗೆ ಅಂಗೇ ತಿಳಿದಿತ್ತು ಬುಡು, ಪಾಪ. ನಿಮ್ಮ ತಾತನ ಜಗಲಿಗೆ ಬತ್ತಿದ್ದುದು ಮದ್ವೆ ಕಾಗ್ದ, ತಿಥಿ ಕಾಗ್ದ ಅಷ್ಟೇ ಕಣ್ಲಾ. ನನ್ನ ತವರಿನ ಕಾಗ್ದ ಎಲ್ಲಾನೂ ಕಿರುಗಾವಲಲ್ಲಿ ವಹಾಬ್ ಸಾಬ್ರ ಅಂಗ್ಡಿ ವಿಳಾಸಕ್ಕೆ ಬರೋದು. ನಂದೊಂದೇ ಅಲ್ಲ, ಊರಿನ ಎಂಗಸ್ರದೆಲ್ಲಾನೂ. ನಾವು ಸಂತೇಗೆ ಹೋದಾಗ ಅವರ ಎಂಡ್ರು ಒಳಗೆ ಕರ್ಕೊಂಡು ಮೆತ್ತಗೆ ಓದೋರು. ಓದಿ ಅಲ್ಲೇ ಮರ್ತುಬುಡೋರು. ದೊಡ್ಡ ಮನಸ್ಸು ಆ ತಾಯ್ದು."

ಅಡಿಗೆಮನೆಯ ಬಾಗಿಲಲ್ಲಿ ಮಂಗಳಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದಳು. ಈ ಕತೆ ಅವಳಿಗೆ ಹೊಸದಲ್ಲ ಎಂದು ಆ ಸೆರಗೇ ಹೇಳುತ್ತಿತ್ತು. ಎರಡು ತಲೆಮಾರಿನ ಹೆಮ್ಮೆ ಹೀಗೆ ಒಂದೇ ಸಂಜೆಗೆ ಜಗಲಿಯಿಂದ ಕೆಳಕ್ಕೆ ಬಿತ್ತು. ಶಿವರಾಜು ಇನ್ನು ಜನ್ಮದಲ್ಲಿ ಒಬ್ಬರ ಕಾಗದ ಮುಟ್ಟುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಮಾಡಿದ. ಮಾಡಿ, ತಾಯಿಯ ಹತ್ತಿರ ಇನ್ನಷ್ಟು ಸರಿದು, ದನಿ ತಗ್ಗಿಸಿ ಕೇಳಿದ.

"ಅದ್ಸರಿ ಕಣವ್ವಾ. ಆ ಕಾಗ್ದದಲ್ಲಿ ಏನಂತ ಬರೀತಿದ್ರು?"

"ಅದ್ನ ಕೇಳ್ಬ್ಯಾಡ ಅಂತಾನೇ ಕಣ್ಲಾ ಮುಂಡೇದೇ," ಎಂದಳು ಅಂಕಮ್ಮ, "ಇಷ್ಟೊತ್ತೂ ನಾನು ಯೋಳಿದ್ದು!"